ಬ್ರೇಕ್ ಮೇಷ್ಟ್ರ ಬಲಗಾಲು

ಊರಿನಲ್ಲಿ ಕಾರು ಓಡಿಸಲು ಬರುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರಿಂದ ಬೈಸಿಕೊಂಡೇ ಕಲಿತವರು. ಉಳಿದವರು ಆ ಬೈಗುಳಕ್ಕೆ ಹೆದರಿ ಊರಾಚೆಯ ಇನ್ನೊಂದು ಡ್ರೈವಿಂಗ್ ಶಾಲೆಗೆ ಹೋದವರು. ಈ ಎರಡನೆಯ ಗುಂಪಿನಲ್ಲಿ ಮೇಷ್ಟ್ರ ಸ್ವಂತ ಮಗಳೂ ಇದ್ದಾಳೆ ಎಂಬ ಸಂಗತಿಯನ್ನು ಯಾರೂ ಅವರ ಎದುರಿಗೆ ಎತ್ತುತ್ತಿರಲಿಲ್ಲ.

ಮೂವತ್ತೊಂದು ವರ್ಷ ಅವರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಸ್ಟಿಯರಿಂಗ್ ಕಲಿಯುವವರ ಕೈಯಲ್ಲಿ, ಜೀವ ಮಾತ್ರ ಮೇಷ್ಟ್ರ ಬಲಗಾಲಿನಲ್ಲಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬ್ಯಾಂಕಿನ ಗುಮಾಸ್ತನೊಬ್ಬ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದ. ರಸ್ತೆ ದಾಟುತ್ತಿದ್ದ ಹುಡುಗಿಯ ಶಾಲೆಚೀಲಕ್ಕೂ ಕಾರಿನ ಮೂತಿಗೂ ನಡುವೆ ಒಂದೇ ಒಂದು ಗೇಣು ಉಳಿದಿತ್ತು. ಆ ಗೇಣನ್ನು ಉಳಿಸಿದ್ದು ಮೇಷ್ಟ್ರ ಕಾಲು. ಗುಮಾಸ್ತ ಅವತ್ತು ಕಾರಿನಿಂದ ಇಳಿದವನು ಮತ್ತೆ ಹತ್ತಲಿಲ್ಲ. ಮೇಷ್ಟ್ರ ಕಾಲು ಅವತ್ತು ಬ್ರೇಕ್ ಹತ್ತಿದ್ದು ಮತ್ತೆ ಇಳಿಯಲಿಲ್ಲ. ಬಸ್ಸಿನಲ್ಲಿ ಕೂತರೂ ತುಳಿಯುತ್ತಿದ್ದರು. ಸಿನಿಮಾದ ಪರದೆಯ ಮೇಲೆ ಕಾರು ಅಡ್ಡಾದಿಡ್ಡಿ ಓಡಿದರೆ ಮುಂದಿನ ಸಾಲಿನವರ ಬೆನ್ನಿಗೆ ಒದೆ ಬೀಳುತ್ತಿತ್ತು. ಎರಡು ಸಲ ಜಗಳವಾದ ಮೇಲೆ ಹೆಂಡತಿ ಅವರ ಜೊತೆ ಸಿನಿಮಾಕ್ಕೆ ಹೋಗುವುದನ್ನೇ ಬಿಟ್ಟರು.

ಈ ಕಾಲಿಗೇ ಗಾಯ ಬಂತು. ಹದಿನಾರು ವರ್ಷದ ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ಸದ್ದಿಲ್ಲದೆ ತಿಂದು ಹಾಕಿತ್ತು. ಯಾವುದೋ ಒಂದು ಸಣ್ಣ ನಟ್ಟು ಚಪ್ಪಲಿಯೊಳಗೆ ಸೇರಿಕೊಂಡಿತ್ತು. ಅದರ ಮೇಲೆಯೇ ಮೇಷ್ಟ್ರು ಬೆಳಗಿನಿಂದ ಸಂಜೆಯವರೆಗೆ ಒಂಬತ್ತು ಜನಕ್ಕೆ ಪಾಠ ಹೇಳಿ ಮನೆಗೆ ಬಂದರು. ನೆಲದ ಮೇಲೆ ಕೆಂಪು ಗುರುತು ನೋಡಿದವರು ಹೆಂಡತಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಹಿರಿಯರು ಕೇಳಿದ್ದು ಸರಿ. ಅಂಗಾಲಿನ ಹುಣ್ಣಿಗೆ ಮಾತ್ರ ಬೇಕೇ ಬೇಕು. ದಿನಾ ರಾತ್ರಿ ಕನ್ನಡಿ ಹಿಡಿದು ಪಾದ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರೂ ಮೇಷ್ಟ್ರು ಒಂದು ದಿನವೂ ನೋಡಿಕೊಂಡಿರಲಿಲ್ಲ. ಮೂರು ವಾರ ಮನೆಯಲ್ಲೇ ಮುಲಾಮು ಹಚ್ಚಿದರು. ನಾಲ್ಕನೇ ವಾರ ವಾಸನೆ ಬಂತು.

ದೊಡ್ಡಾಸ್ಪತ್ರೆಯ ಸರ್ಜನ್ ಮಾತು ಕಡಿಮೆ ಆಡುವ ಮನುಷ್ಯ. ಗಾಯ ಕೆರೆದು ಶುದ್ಧ ಮಾಡಿ, ಎಕ್ಸ್‌ರೇ ದೀಪದ ಮುಂದೆ ಹಿಡಿದು ಹೇಳಿದರು.

"ಹೆಬ್ಬೆರಳಿನ ಬುಡದ ಮೂಳೆಗೆ ಸೋಂಕು ಇಳಿದಿದೆ. ಔಷಧಿ ಕೊಡ್ತೀನಿ. ಅದರ ಜೊತೆ ಒತ್ತಡದ ಆಮ್ಲಜನಕ, ದಿನಕ್ಕೊಂದು ಸಲ, ಒಟ್ಟು ನಲವತ್ತು ಸಲ. ನಲವತ್ತನೇ ದಿನ ನೋಡೋಣ. ಗಾಯ ಮುಚ್ಚಿಕೊಂಡ್ರೆ ಸರಿ. ಇಲ್ಲಾಂದ್ರೆ ಪಾದದ ಮುಂದಿನ ಅರ್ಧ ತೆಗೀಬೇಕಾಗುತ್ತೆ."

ಅರ್ಧ ಪಾದ ಹೋದರೆ ಬ್ರೇಕ್ ಹಿಡಿಯುವುದು ಹೇಗೆ ಎಂದು ಮೇಷ್ಟ್ರು ಕೇಳಿದರು. ಮೊದಲು ನಡೆಯೋದು ಹೇಗೆ ಅಂತ ಯೋಚನೆ ಮಾಡಿ ಎಂದು ಸರ್ಜನ್ ಒಂದು ಬೂಟು ಕೊಟ್ಟರು. ಮೊಣಕಾಲಿನವರೆಗೆ ಬರುವ, ದಪ್ಪ ತಳದ, ದೋಣಿಯಂಥ ಬೂಟು. ಮೈಭಾರ ಗಾಯದ ಮೇಲೆ ಬೀಳದಂತೆ ಅದು ತಡೆಯುತ್ತದೆ. "ಇದಿಲ್ಲದೆ ಒಂದು ಹೆಜ್ಜೆ ಇಡಬಾರದು," ಎಂದರು. ಮೇಷ್ಟ್ರು ಕಲಿಯುವವರಿಂದ ಮೂವತ್ತೊಂದು ವರ್ಷ ವಿಧೇಯತೆ ಬಯಸಿದವರು. ತಾವೂ ಮಾತು ಮೀರಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಬೂಟು ಹಾಕಿಕೊಂಡೇ ಹೋಗುತ್ತಿದ್ದರು.

ಆಸ್ಪತ್ರೆ ನಲವತ್ತು ನಿಮಿಷದ ದಾರಿ. ವಾರಕ್ಕೆ ಐದು ದಿನ, ಎಂಟು ವಾರ. ಕರೆದುಕೊಂಡು ಹೋಗುವವರು ಯಾರು? ಮಗಳೇ ಮುಂದೆ ಬಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ಆಚೀಚೆಯಾದರೂ ಗಾಜು ದಂಡ. ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿ ತೆಗೆದುಕೊಂಡಳು.

ಅವಳು ಕಾರು ಕಲಿತ ಕಥೆ ಚಿಕ್ಕದು. ಹತ್ತೊಂಬತ್ತು ತುಂಬಿದಾಗ ಅಪ್ಪನ ಪಕ್ಕ ಹನ್ನೊಂದು ದಿನ ಕೂತಳು. ಅವಳು ಬ್ರೇಕಿಗೆ ಕಾಲಿಡುವ ಮೊದಲೇ ಅಪ್ಪನ ಕಾಲು ಅಲ್ಲಿರುತ್ತಿತ್ತು; ಕಾರು ಗಕ್ಕನೆ ನಿಲ್ಲುತ್ತಿತ್ತು; ಆಮೇಲೆ ಬೈಗುಳ. ಹನ್ನೊಂದನೇ ದಿನ ಅವಳು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಬೀಗದ ಕೈ ಅಪ್ಪನ ತೊಡೆಯ ಮೇಲಿಟ್ಟು, ನಡೆದುಕೊಂಡು ಮನೆಗೆ ಹೋದಳು. ಊರಾಚೆಯ ಶಾಲೆಗೆ ಸೇರಿ ಮೊದಲ ಪರೀಕ್ಷೆಯಲ್ಲೇ ಲೈಸನ್ಸ್ ತೆಗೆದುಕೊಂಡಳು. ಆಮೇಲೆ ಹನ್ನೆರಡು ವರ್ಷ ಮೇಷ್ಟ್ರು ಅವಳ ಕಾರು ಹತ್ತಿರಲಿಲ್ಲ. ಏನಾದರೊಂದು ನೆಪ ಹೇಳಿ ಬಸ್ಸು ಹಿಡಿಯುತ್ತಿದ್ದರು. ಈಗ ದೋಣಿ ಬೂಟಿನ ಮನುಷ್ಯನಿಗೆ ಬಸ್ಸಿನ ಮೆಟ್ಟಿಲು ಹತ್ತುವಂತಿರಲಿಲ್ಲ.

ಮೊದಲ ದಿನ ಕಾರಿನಲ್ಲಿ ಕೂತವರು ಮಾಡಿದ ಮೊದಲ ಕೆಲಸ ಬೂಟಿನ ಪಟ್ಟಿ ಬಿಚ್ಚಿದ್ದು. ದಪ್ಪ ತಳ ಹಾಕಿಕೊಂಡು ಕಾರು ಹತ್ತಬಾರದು, ಕಾಲಿಗೆ ಪೆಡಲು ತಿಳಿಯಬೇಕು ಎಂಬುದು ಅವರ ಶಾಲೆಯ ಮೊದಲ ಪಾಠ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದವರನ್ನು ಬರಿಗಾಲಿನಲ್ಲಿ ಓಡಿಸಿದವರು ಅವರು. ಬೂಟು ಬಿಚ್ಚಿ ಹಿಂದಿನ ಸೀಟಿಗೆ ಹಾಕಿ, ಬ್ಯಾಂಡೇಜಿನ ಮೇಲೆ ತೆಳ್ಳನೆಯ ಬಟ್ಟೆ ಚಪ್ಪಲಿ ಸಿಕ್ಕಿಸಿಕೊಂಡರು. ಕೂತುಕೊಂಡೇ ಹೋಗುವುದಲ್ಲವೇ, ಹೆಜ್ಜೆಯೇನೂ ಇಡುವುದಿಲ್ಲವಲ್ಲ. ಆಸ್ಪತ್ರೆ ಬಂದಾಗ ಮತ್ತೆ ಬೂಟು ಏರಿಸಿ ಇಳಿದರು. ಮಗಳು ನೋಡಿದಳು, ಕಾಲಿಗೆ ಸೆಕೆಯಾಗುತ್ತದೇನೋ ಎಂದುಕೊಂಡಳು. ಅಂದಿನಿಂದ ದಿನವೂ ಹೀಗೇ.

ಆಸ್ಪತ್ರೆಯ ಕೆಳಮಹಡಿಯಲ್ಲಿತ್ತು ಆ ಯಂತ್ರ. ಒಬ್ಬ ಮನುಷ್ಯ ಉದ್ದಕ್ಕೆ ಮಲಗುವಷ್ಟು ದೊಡ್ಡ ಪಾರದರ್ಶಕ ಕೊಳವೆ. ಒಂದು ತುದಿಯಲ್ಲಿ ದುಂಡನೆಯ ದಪ್ಪ ಬಾಗಿಲು, ಪಕ್ಕದಲ್ಲಿ ಒತ್ತಡ ತೋರಿಸುವ ಮುಳ್ಳಿನ ಮಾಪಕಗಳ ಸಾಲು. ಅದನ್ನು ನಡೆಸುವ ಆಪರೇಟರ್ ನಲವತ್ತು ದಾಟಿದ ಹೆಂಗಸು. ಒಳಗೆ ಹೋಗುವವರನ್ನು ಕಳ್ಳಸಾಗಣೆಯವರಂತೆ ತಪಾಸಣೆ ಮಾಡುತ್ತಿದ್ದಳು. ಗಡಿಯಾರ ತೆಗೀರಿ, ಪೆನ್ನು ತೆಗೀರಿ, ತಲೆಗೆ ಎಣ್ಣೆ ಹಚ್ಚಿದ್ರೆ ತೊಳ್ಕೊಂಡು ಬನ್ನಿ, ಹತ್ತಿಯ ಬಟ್ಟೆ ಬಿಟ್ಟು ಬೇರೇನೂ ಒಳಗೆ ಬರೋ ಹಾಗಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆದುಕೊಳ್ಳುತ್ತಿದ್ದಳು.

"ಇದ್ರಿಂದ ಗಾಯ ಹೇಗಮ್ಮ ವಾಸಿಯಾಗುತ್ತೆ?" ಎಂದು ಮೇಷ್ಟ್ರು ಕೇಳಿದರು.

"ನಿಮ್ಮ ಗಾಯದ ಸುತ್ತ ಮಾಂಸಕ್ಕೆ ಉಸಿರು ಸಾಲ್ತಿಲ್ಲ. ರಕ್ತ ಅಲ್ಲಿವರೆಗೆ ಸರಿಯಾಗಿ ಹೋಗ್ತಿಲ್ಲ. ಒಳಗೆ ಬರೀ ಆಮ್ಲಜನಕ ತುಂಬಿ ಒತ್ತಡ ಏರಿಸಿದ್ರೆ, ಅದು ರಕ್ತದ ನೀರಿನಂಶದಲ್ಲೂ ಕರಗಿ ಅಲ್ಲಿಗೆ ತಲುಪುತ್ತೆ. ಆಮೇಲೆ ಮಾಂಸ ತಾನೇ ಬೆಳೆಯುತ್ತೆ. ಆದ್ರೆ ಬೆಳೆದಿದ್ದನ್ನ ತುಳೀಬಾರದು ಅಷ್ಟೇ."

"ತುಳಿಯೋರು ಯಾರು, ಬೂಟಿಲ್ಲದೆ ಒಂದು ಹೆಜ್ಜೆ ಇಡಲ್ಲ ನಾನು," ಎಂದರು ಮೇಷ್ಟ್ರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ಕೊಳವೆಯೊಳಗಿನ ಒಂದೂವರೆ ಗಂಟೆ ಅವರ ಜೀವನದ ಅತ್ಯಂತ ಸಿಟ್ಟಿನ ಒಂದೂವರೆ ಗಂಟೆ. ಬಾಗಿಲು ಹಾಕಿಕೊಂಡೊಡನೆ ಗಾಳಿ ಬಿಸಿಯಾಗುತ್ತದೆ, ಬೆಟ್ಟ ಇಳಿಯುವಾಗಿನಂತೆ ಕಿವಿ ಕಟ್ಟುತ್ತದೆ. ಉಗುಳು ನುಂಗಿ, ಆಕಳಿಸಿ ಎಂದು ಆಪರೇಟರ್ ಹೊರಗಿನಿಂದ ಫೋನಿನಲ್ಲಿ ಹೇಳುತ್ತಾಳೆ. ಒತ್ತಡ ಏರಿಸುವ ತಿರುಪು ಅವಳ ಕೈಯಲ್ಲಿ. ಬೇರೆಯವರ ಕೈಯಲ್ಲಿರುವ ಗಾಡಿಯೊಳಗೆ, ಬ್ರೇಕಿಲ್ಲದೆ, ಅಂಗಾತ ಮಲಗಿಕೊಂಡು ಹೋಗುವುದೆಂದರೆ ಮೇಷ್ಟ್ರಿಗೆ ನರಕ.

"ನಿಧಾನ ಏರಿಸಮ್ಮ, ಒಂದೇ ಸಮ ಏರಿಸು, ಜರ್ಕ್ ಕೊಡಬೇಡ," ಎಂದು ಒಳಗಿನಿಂದ ಪಾಠ ಶುರುವಾಗುತ್ತಿತ್ತು.

"ಮೇಷ್ಟ್ರೇ, ಹದಿನಾಲ್ಕು ವರ್ಷದಿಂದ ಇದನ್ನೇ ಮಾಡ್ತಿದೀನಿ," ಎನ್ನುತ್ತಿದ್ದಳು ಅವಳು.

"ಹದಿನಾಲ್ಕು ವರ್ಷ ತಪ್ಪು ಮಾಡಿದ್ರೂ ಅದು ಅಭ್ಯಾಸವೇ."

ಅವಳು ಫೋನಿನ ಗುಂಡಿ ಆರಿಸಿ ತನ್ನ ಪಾಡಿಗೆ ಕೆಲಸ ನೋಡಿಕೊಳ್ಳುತ್ತಿದ್ದಳು. ಮೇಷ್ಟ್ರು ಗಾಜಿನಾಚೆ ಬಾಯಾಡಿಸುತ್ತಲೇ ಇರುತ್ತಿದ್ದರು.

ಮೊದಲ ವಾರದ ಕೊನೆಗೆ ಡ್ರೆಸ್ಸಿಂಗ್ ಕೋಣೆಯಲ್ಲಿ ಗಾಯ ಅಳೆದರು. ಇಪ್ಪತ್ತೆರಡು ಮಿಲಿಮೀಟರ್ ಇದ್ದದ್ದು ಇಪ್ಪತ್ತೊಂದಾಗಿತ್ತು. ಎರಡನೇ ವಾರವೂ ಇಪ್ಪತ್ತೊಂದೇ. ಮೂರನೇ ವಾರ ಇಪ್ಪತ್ತನಾಲ್ಕು. ಬ್ಯಾಂಡೇಜು ಬಿಚ್ಚಿದಾಗ ಪ್ರತಿ ಸಲ ಹಸಿ ರಕ್ತ.

"ಎಲ್ಲಿ ಓಡಾಡಿದ್ರಿ?" ಎಂದಳು ನರ್ಸ್.

"ಎಲ್ಲೂ ಇಲ್ಲ."

"ರಾತ್ರಿ ಎದ್ದು ಬರಿಗಾಲಲ್ಲಿ ಹೋಗ್ತೀರಾ?"

"ಇಲ್ಲ ಅಂದೆನಲ್ಲ."

"ಹಾಗಾದ್ರೆ ಇದು ಹೇಗಾಯ್ತು?"

"ಅದನ್ನ ಹೇಳೋಕೆ ತಾನೇ ನಿಮಗೆ ಸಂಬಳ ಕೊಡೋದು?"

ಅಲ್ಲಿಂದ ಮನೆಯಲ್ಲಿ ತನಿಖೆ ಶುರುವಾಯಿತು. ಹೆಂಡತಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದರು, ಊಟ ತೂಗಿ ಬಡಿಸಿದರು, ಬಚ್ಚಲ ಬಾಗಿಲಲ್ಲಿ ಕಾವಲು ನಿಂತರು. ಕದ್ದು ತಿನ್ನುತ್ತಾರೆ ಎಂದು ಅವರಿಗೆ ಅನುಮಾನ, ಕದ್ದು ನಡೆಯುತ್ತಾರೆ ಎಂದು ನರ್ಸಿಗೆ ಅನುಮಾನ, ಕದ್ದು ಡ್ರೈವಿಂಗ್ ಶಾಲೆಗೆ ಹೋಗಿ ಬರುತ್ತಾರೆ ಎಂದು ಮಗಳಿಗೆ ಅನುಮಾನ. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಸಿಕ್ಕ ಬಹುಮಾನ ಇದು. ಆ ಕೊಳವೆಯೇ ಮೋಸ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಕೂಗಾಡಿದರು. ನಾಳೆಯಿಂದ ಹೋಗುವುದಿಲ್ಲ ಎಂದರು. ಬೆಳಗ್ಗೆ ಮಗಳು ಹಾರ್ನ್ ಹೊಡೆದಾಗ ಮಾತಿಲ್ಲದೆ ಬಂದು ಕೂತರು. ಪಾದ ಅವರದ್ದಲ್ಲವೇ, ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು.

ಇಪ್ಪತ್ತೆರಡನೇ ದಿನ ಮಾರುಕಟ್ಟೆಯ ತಿರುವಿನಲ್ಲಿ ತಳ್ಳುಗಾಡಿಯೊಂದು ಅಡ್ಡ ಬಂತು. ಮಗಳು ದೂರದಿಂದಲೇ ನೋಡಿ ವೇಗ ಇಳಿಸಿದ್ದಳು. ಕಾರು ನಿಂತಾಗ ಇನ್ನೂ ಎರಡು ಮಾರು ಜಾಗ ಇತ್ತು. ಆದರೂ ಪಕ್ಕದಿಂದ ದಢ್ ಎಂಬ ಸದ್ದು, ಅದರ ಬೆನ್ನಿಗೇ ಬೈಗುಳ.

"ಕಣ್ಣು ಎಲ್ಲಿಟ್ಟಿದ್ದೆ? ನಾನು ಹಿಡೀಲಿಲ್ಲಾಂದ್ರೆ ಏನಾಗ್ತಿತ್ತು?"

"ನೀವೇನು ಹಿಡಿದ್ರಿ ಅಪ್ಪ? ಅಲ್ಲಿ ಬ್ರೇಕೇ ಇಲ್ಲ," ಎಂದು ಮಗಳು ಕೆಳಗೆ ನೋಡಿದಳು.

ಅಪ್ಪನ ಬಲಗಾಲು ನೆಲಕ್ಕೆ ನೆಟ್ಟುಕೊಂಡಿತ್ತು. ಬಟ್ಟೆ ಚಪ್ಪಲಿಯ ಮುಂಭಾಗ ಒದ್ದೆಯಾಗಿತ್ತು. ಅವಳು ಕಾರು ಮುಂದೆ ಬಿಟ್ಟಳು. ಆಸ್ಪತ್ರೆಯ ಮುಂದೆ ಅಪ್ಪನನ್ನು ಇಳಿಸಿ, ಆ ಕಡೆಯ ಕಾಲೊರಸನ್ನು ಹೊರಗೆಳೆದಳು. ಬೂದು ಬಣ್ಣದ ದಪ್ಪ ಬಟ್ಟೆಯ ಕಾಲೊರಸು, ಅಷ್ಟು ದಿನದ ಸಣ್ಣಪುಟ್ಟ ತುಳಿತದ ಸದ್ದನ್ನೆಲ್ಲ ನುಂಗಿದ್ದು ಅದೇ. ಅದರಲ್ಲಿ ಹೆಬ್ಬೆರಳಿನ ಬುಡ ಬೀಳುವಲ್ಲಿ ಒಂದು ಹಳ್ಳ. ಹಳ್ಳದಲ್ಲಿ ಅವತ್ತಿನ ಕೆಂಪು. ಅದರ ಸುತ್ತ ಒಣಗಿ ಕಂದಾದ ಕಲೆಗಳು, ಒಂದರ ಮೇಲೊಂದು, ಎಷ್ಟು ದಿನದವೋ.

ಅವಳು ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಲಿಫ್ಟ್ ಹತ್ತಿ, ಕಾಯುತ್ತಿದ್ದವರನ್ನೆಲ್ಲ ದಾಟಿ, ಸರ್ಜನ್ನರ ಮೇಜಿನ ಮೇಲೆ ಬಿಡಿಸಿಟ್ಟಳು. ಮೇಷ್ಟ್ರು ಹಿಂದಿನಿಂದ ಬೂಟು ಎಳೆದುಕೊಂಡು ಬಂದು ಬಾಗಿಲಲ್ಲೇ ನಿಂತರು. ಸರ್ಜನ್ ಕಾಲೊರಸು ನೋಡಿದರು, ಮೇಷ್ಟ್ರ ಮುಖ ನೋಡಿದರು.

"ದಾರಿಯಲ್ಲಿ ಎಷ್ಟು ಸಲ ತುಳೀತೀರಿ?"

"ತುಳಿಯಲ್ಲ," ಎಂದರು ಮೇಷ್ಟ್ರು.

"ನಾನು ಎಣಿಸಿಲ್ಲ ಡಾಕ್ಟ್ರೇ. ಆದ್ರೆ ಹೋಗೋ ದಾರಿಯಲ್ಲಿ ಹದಿನೇಳು ಸಿಗ್ನಲ್ಲು, ಬರೋ ದಾರಿಯಲ್ಲಿ ಹದಿನೇಳು," ಎಂದಳು ಮಗಳು.

ಮೇಷ್ಟ್ರು ಬಾಯಿ ತೆರೆದರು. ಅವರ ಬಳಿ ಬೈಗುಳಕ್ಕೆ ಎಂದೂ ಬರ ಬಂದಿರಲಿಲ್ಲ, ಅವತ್ತು ಒಂದೂ ಸಿಗಲಿಲ್ಲ. ಹಿಡಿದೆ ಎಂದು ಬೈದದ್ದೂ ಅಭ್ಯಾಸಬಲವೇ, ದಾರಿಯುದ್ದಕ್ಕೂ ತುಳಿದದ್ದು ಅವರಿಗೆ ಗೊತ್ತೇ ಇರಲಿಲ್ಲ. ತಿಳಿಸಬೇಕಾಗಿದ್ದ ಪಾದ ಮರಗಟ್ಟಿತ್ತು, ತುಳಿಯುವ ಅಭ್ಯಾಸಕ್ಕೆ ಯಜಮಾನನ ಅಪ್ಪಣೆ ಬೇಕಿರಲಿಲ್ಲ. ಕೊಳವೆಯಲ್ಲಿ ಬೆಳೆದದ್ದನ್ನು ಕಾರಿನಲ್ಲಿ ತುಳಿದು, ಮರುದಿನ ಮತ್ತೆ ಬೆಳೆಸಿಕೊಳ್ಳಲು ಅದೇ ಕಾರಿನಲ್ಲಿ ಬರುತ್ತಿದ್ದರು. ಯಾರನ್ನಾದರೂ ಬೈಯಬೇಕೆಂದರೆ ತಮ್ಮನ್ನೇ ಬೈದುಕೊಳ್ಳಬೇಕು, ಅದು ಅವರಿಗೆ ಅಭ್ಯಾಸವಿರಲಿಲ್ಲ.

ಮರುದಿನದಿಂದ ಅವರನ್ನು ಹಿಂದಿನ ಸೀಟಿಗೆ ಹಾಕಿದರು. ಬೂಟು ಹಾಕಿದ ಕಾಲು ಸೀಟಿನ ಉದ್ದಕ್ಕೆ ದಿಂಬಿನ ಮೇಲೆ, ಬೆನ್ನು ಬಾಗಿಲಿಗೆ. ಅಷ್ಟು ವರ್ಷದಲ್ಲಿ ಮೇಷ್ಟ್ರು ಯಾವ ಕಾರಿನಲ್ಲೂ ಹಿಂದೆ ಕೂತವರಲ್ಲ. ರಸ್ತೆ ಕಾಣುತ್ತಿರಲಿಲ್ಲ, ಮಗಳ ತಲೆಯ ಹಿಂಭಾಗ ಮತ್ತು ಕನ್ನಡಿಯಲ್ಲಿ ಅವಳ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಮೊದಲ ದಿನ ಬೆವರಿ ಅಂಗಿ ನೆನೆಯಿತು. ಎರಡನೇ ದಿನ ಬಾಗಿಲಿನ ಹಿಡಿ ಕಿತ್ತು ಕೈಗೆ ಬಂತು. ಮಗಳು ಅದನ್ನು ಇಸಿದುಕೊಂಡು ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿ ಮತ್ತೆ ಗೇರು ಹಾಕಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ದಿಂಬಿನ ಮೇಲಿನ ಕಾಲು ಸಿಗ್ನಲ್ಲು ಬಂದಾಗಲೆಲ್ಲ ಒದ್ದಾಡುತ್ತಲೇ ಇತ್ತು, ಆದರೆ ತುಳಿಯಲು ಅದಕ್ಕೆ ಏನೂ ಸಿಗುತ್ತಿರಲಿಲ್ಲ.

ಮಾಡಲು ಬೇರೆ ಕೆಲಸವಿಲ್ಲದೆ ಅವರು ಕಿವಿಯಿಂದ ಅವಳ ತಪ್ಪು ಹುಡುಕಿದರು. ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಗೇರು ತಡವಾಯಿತೋ ಬೇಗವಾಯಿತೋ ಅವರಿಗೆ ತಿಳಿಯುತ್ತದೆ. ಒಂದು ವಾರ ಹುಡುಕಿದರು. ಗೇರು ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು. ಬ್ರೇಕ್ ಹಿಡಿದರೆ ಮಡಿಲಲ್ಲಿದ್ದ ಕನ್ನಡಕದ ಪೆಟ್ಟಿಗೆ ಅಲುಗುತ್ತಿರಲಿಲ್ಲ. ಇದು ಅವರಿಗೆ ಇನ್ನಷ್ಟು ಸಿಟ್ಟು ತರಿಸಿತು. ಯಾವನೋ ಊರಾಚೆಯ ಮೇಷ್ಟ್ರು ಕಲಿಸಿದ್ದು ಇದು, ತಾವಲ್ಲ.

ಗಾಯ ಇಳಿಯತೊಡಗಿತು. ಹತ್ತೊಂಬತ್ತು, ಹದಿನೈದು, ಹತ್ತು. ನರ್ಸ್ ಮೊದಲ ಸಲ ನಕ್ಕಳು. ಆಪರೇಟರ್ ಒತ್ತಡ ಏರಿಸುವಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದರು. ಏನಾದ್ರೂ ಆಗ್ತಿದೆಯಾ ಎಂದು ಅವಳೇ ಗಾಬರಿಯಿಂದ ಫೋನಿನಲ್ಲಿ ಕೇಳಿದಳು. ಮನೆಯಲ್ಲಿ ಎಲ್ಲರೂ ನಲವತ್ತನೇ ದಿನಕ್ಕೆ ಬೆರಳು ಮಡಿಚಿ ಎಣಿಸಿದರು.

ನಲವತ್ತನೇ ದಿನ ಸರ್ಜನ್ ತೆಳ್ಳನೆಯ ಕಡ್ಡಿ ತೂರಿಸಿ ನೋಡಿದರು, ಹೊಸ ಎಕ್ಸ್‌ರೇ ದೀಪದ ಮುಂದೆ ಹಿಡಿದರು, ಹಳೆಯದನ್ನು ಅದರ ಪಕ್ಕ ಇಟ್ಟರು. ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ಪಾದ ಉಳೀತು," ಎಂದರು ಸರ್ಜನ್. "ಸೋಂಕು ಮುಂದಕ್ಕೆ ಹೋಗಿಲ್ಲ. ಆದ್ರೆ ಹೆಬ್ಬೆರಳಿನ ಬುಡದ ಮೂಳೆ ಪುಡಿಯಾಗಿದೆ. ಅದು ಆ ಮೊದಲ ಮೂರ್ನಾಲ್ಕು ವಾರದಲ್ಲಿ ಆಗಿದ್ದು. ಬೆರಳು ತೆಗೀಬೇಕು."

"ಹತ್ತು ಮಿಲಿಮೀಟರಿಗೆ ಇಳಿದಿತ್ತಲ್ಲ," ಎಂದರು ಮೇಷ್ಟ್ರು.

"ಮಾಂಸ ಬೆಳೀತು. ಮೂಳೆ ಬೆಳೀಲಿಲ್ಲ. ಶುರುವಿನಿಂದಲೇ ತುಳೀದೇ ಇದ್ದಿದ್ರೆ ಅದೂ ಉಳೀತಿತ್ತೇನೋ, ಹೇಳೋಕಾಗಲ್ಲ."

ಸಹಾಯಕ ಡಾಕ್ಟರ್ ಫೈಲು ತೆರೆದು ಒಪ್ಪಿಗೆಯ ಕಾಗದ ತೆಗೆದ. ಅದರ ಜೊತೆಗಿದ್ದ ಹಾಳೆಯಲ್ಲಿ ಗಾಯ ವಾಸಿಯಾಗಲು ತಡವಾದ ಕಾರಣ ಬರೆಯುವ ಜಾಗ ಖಾಲಿ ಇತ್ತು. ಏನು ಬರೆಯಲಿ ಎಂಬಂತೆ ಅವನು ತಲೆಯೆತ್ತಿ ಮಗಳನ್ನು ನೋಡಿದ.

"ದಾರಿ ಸರಿ ಇರಲಿಲ್ಲ ಡಾಕ್ಟ್ರೇ," ಎಂದಳು ಮಗಳು. "ನಾನೂ ಸ್ವಲ್ಪ ಜೋರಾಗೇ ಓಡಿಸ್ತಿದ್ದೆ. ಅಪ್ಪನಿಗೆ ಭಯ ಆಗೋ ಹಾಗೆ."

"ಸುಳ್ಳು," ಎಂದರು ಮೇಷ್ಟ್ರು.

ಅವರು ಯಾವಾಗಲೂ ಕಿರುಚುವವರು. ಈಗ ಕಿರುಚಲಿಲ್ಲ, ಅದಕ್ಕೇ ಎಲ್ಲರೂ ಅವರ ಕಡೆ ತಿರುಗಿದರು.

"ಇವಳು ಜೋರಾಗಿ ಓಡಿಸೋಳಲ್ಲ. ಪಕ್ಕ ಕೂತು ನೋಡಿದೆ, ಹಿಂದೆ ಕೂತು ಕೇಳಿದೆ, ಒಂದು ತಪ್ಪು ಹಿಡಿಯೋಕಾಗಲಿಲ್ಲ ನನ್ನ ಕೈಲಿ. ನಾನು ಕಲಿಸಿದವರಲ್ಲಿ ಹೀಗೆ ಓಡಿಸೋರು ಒಬ್ಬರೂ ಇಲ್ಲ. ತಪ್ಪಿಲ್ಲದ ಕಡೆ ನಾನು ಬ್ರೇಕ್ ತುಳಿದೆ. ಮಗಳನ್ನ ನಂಬಲಿಲ್ಲ ಅಂತ ಬರ್ಕೊಳ್ಳಿ."

ಸಹಾಯಕ ಡಾಕ್ಟರಿಗೆ ಗೊಂದಲವಾಯಿತು. "ಪಾದದ ಮೇಲೆ ಭಾರ ಬಿದ್ದಿದೆ ಅಂತ ಬರೆದ್ರೆ ಸಾಕು ಸಾರ್," ಎಂದು ಬರೆದುಕೊಂಡ.

ಮಗಳು ಗೋಡೆ ಬಿಟ್ಟು ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. ಖುಷಿಗೆ ಅಲ್ಲ, ಹನ್ನೆರಡು ವರ್ಷ ಕಾದವರಿಗೆ ಬರುವ ಸಿಟ್ಟಿಗೆ.

"ಇಷ್ಟು ಹೇಳೋಕೆ ಒಂದು ಬೆರಳೇ ಬೇಕಾಯ್ತಾ ಅಪ್ಪ?"

ಮೇಷ್ಟ್ರು ಸಹಾಯಕ ಡಾಕ್ಟರ್ ಚಾಚಿದ ಪೆನ್ನು ಇಸಿದುಕೊಂಡು, ಎಲ್ಲಿ ಹಾಕಬೇಕು ಎಂದು ಕೇಳಿದರು. ಮಗಳು ಕಾಗದದ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ಅಲ್ಲೇ ಸಹಿ ಹಾಕಿದರು.